ಕಚೇರಿಗಳು ಒಂದಾಗುವಾಗ ಯಾವ ಹಿರಿಯ ಅಧಿಕಾರಿಗಳನ್ನು ಉಳಿಸಿಕೊಳ್ಳಬೇಕು?

ಕೇಳಿದವರು: ದಾವಣಗೆರೆಯಲ್ಲಿರುವ ನಮ್ಮ ಇಲಾಖೆಯ ಎರಡು ಕಚೇರಿಗಳನ್ನು ಒಂದುಗೂಡಿಸಲು ಆದೇಶವಾಗಿದೆ. ಐವರು ಹಿರಿಯ ಅಧಿಕಾರಿಗಳಲ್ಲಿ ಮೂವರನ್ನು ಉಳಿಸಿಕೊಂಡು, ಇಬ್ಬರನ್ನು ಬೇರೆಡೆಗೆ ಕಳುಹಿಸುವ ಪ್ರಸ್ತಾವನೆಯನ್ನು ನಾನು ಸಿದ್ಧಪಡಿಸಬೇಕು. ಜ್ಯೇಷ್ಠತೆಯೊಂದನ್ನೇ ನೋಡಿದರೆ ಸಾಕೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಚಿತ್ರದುರ್ಗದ ನಿವೃತ್ತ ನೌಕರರೊಬ್ಬರು: 1997ರ ಆಗಸ್ಟ್‌ನಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ನಮ್ಮ ಜಿಲ್ಲೆಯಿಂದಲೂ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದಲೂ, ಹರಪನಹಳ್ಳಿ ಬಳ್ಳಾರಿಯಿಂದಲೂ ಬಂದು ಸೇರಿದವು. ಯಾರು ಎಲ್ಲಿರಬೇಕೆಂಬ ಟಿಪ್ಪಣಿಯನ್ನು ಜ್ಯೇಷ್ಠತಾ ಪಟ್ಟಿಯೊಂದನ್ನೇ ಮುಂದಿಟ್ಟುಕೊಂಡು ಬರೆದವರಲ್ಲಿ ನಾನೂ ಒಬ್ಬ. ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸಿಗೆ ಸೇರಿದ್ದರಿಂದ ಹರಪನಹಳ್ಳಿಯ ಹಳೆಯ ಭೂದಾಖಲೆಗಳ ಕ್ರಮವೇ ಬೇರೆ. ಮೈಸೂರು ಪದ್ಧತಿಯಲ್ಲಿ ಪಳಗಿದ ನಮಗೆ ಅಡಂಗಲ್ (ಊರಿನ ಜಮೀನು, ಬೆಳೆಗಳ ವಿವರವಿರುವ ಲೆಕ್ಕದ ವಹಿ) ಎಂಬ ಮಾತೇ ಹೊಸದು. ಅದನ್ನು ಸರಾಗವಾಗಿ ಓದಬಲ್ಲವರು ಪಟ್ಟಿಯ ಕೆಳಗಿದ್ದರೆಂದು ಹಿಂದಕ್ಕೆ ಕಳುಹಿಸಿ, ಹದ್ದಿನ ತಕರಾರೊಂದು ಎದುರಾದ ಮೇಲೆ ಅವರನ್ನೇ ನಿಯೋಜನೆಯ ಮೇಲೆ ಕರೆಸಿಕೊಳ್ಳಬೇಕಾಯಿತು. ಆದ್ದರಿಂದ ಮೊದಲು ಎರಡೂ ಕಚೇರಿಗಳ ಬಾಕಿ ಕಡತ, ನ್ಯಾಯಾಲಯದ ಪ್ರಕರಣ ಮತ್ತು ಲೆಕ್ಕಪರಿಶೋಧನೆಯ ಆಕ್ಷೇಪಣೆಗಳ ಪಟ್ಟಿ ಮಾಡಿಸಿ, ಪ್ರತಿಯೊಂದರ ಮುಂದೆ ಅದನ್ನು ಬಲ್ಲವರ ಹೆಸರು ಬರೆಸಿರಿ. ಜ್ಯೇಷ್ಠತೆಯನ್ನು ಬಿಡಬೇಡಿ, ಅರ್ಹತೆ ಸಮವಾಗಿದ್ದಲ್ಲಿ ಅದೇ ತೀರ್ಮಾನಿಸಲಿ. ಮೇಲಧಿಕಾರಿಗಳು ನೌಕರರ ಕೆಲಸದ ಬಗ್ಗೆ ಬರೆಯುವ ಗೋಪ್ಯ ವರದಿಗಳಲ್ಲಿ ಎಲ್ಲರೂ 'ಉತ್ತಮ'ರೇ ಆಗಿರುವುದರಿಂದ ಅವುಗಳಿಂದ ಹೆಚ್ಚಿನದೇನೂ ತಿಳಿಯದು.

ದಾವಣಗೆರೆಯ ಅಧಿಕಾರಿಯೊಬ್ಬರು: ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ ಬೇಕು. ಕಡತದಲ್ಲಿ ಬರೆಯದೆ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು, ತಾವಿಲ್ಲದೆ ಕೆಲಸವೇ ನಡೆಯದಂತೆ ಮಾಡಿಕೊಂಡವರೂ ಈ ಪಟ್ಟಿಯಲ್ಲಿ ಮೇಲೆ ಬರುತ್ತಾರೆ. ಅಂಥವರೊಬ್ಬರನ್ನು ನಾನು ಉಳಿಸಿಕೊಂಡೆ. ಅವರು ನಿವೃತ್ತರಾದ ಮರುದಿನವೇ ಬೀರುವಿನ ಬೀಗದ ಕೈ ಹುಡುಕುವುದರಿಂದ ನಮ್ಮ ಕೆಲಸ ಆರಂಭವಾಯಿತು. ರಜೆಯಲ್ಲಿದ್ದಾಗ ಯಾರ ಶಾಖೆಯ ಕಡತಗಳು ನಿಂತವು, ಯಾರವು ನಡೆದವು ಎಂಬುದನ್ನು ಹಾಜರಿ ಪುಸ್ತಕ ಮತ್ತು ಕಡತ ಚಲನವಲನ ವಹಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಹೋಗುವ ಇಬ್ಬರ ಇಚ್ಛೆಯನ್ನು ಲಿಖಿತವಾಗಿ ಪಡೆದು, ಅವರ ಜ್ಯೇಷ್ಠತೆಗೆ ಧಕ್ಕೆಯಾಗದಂತೆ ಪ್ರಸ್ತಾವನೆಯಲ್ಲೇ ನಮೂದಿಸಿ. ಆದೇಶ ಹೊರಬೀಳುವ ಮುನ್ನ ನೀವೇ ಅವರನ್ನು ಕರೆದು ಕಾರಣ ತಿಳಿಸಿ; ಇಲ್ಲವಾದರೆ ಆ ಸುದ್ದಿಯನ್ನು ಅವರು ಕ್ಯಾಂಟೀನಿನಲ್ಲಿ ಕೇಳುತ್ತಾರೆ.