ತೈ ಚಿ ಕಲಿಯಬೇಕು: ಮಂಡಿ ನೋವಿದೆ, ಕತ್ತಿಯ ಆಸೆಯೂ ಇದೆ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು, ಸಿಂಗಪುರಕ್ಕೆ ಬಂದು ಒಂಬತ್ತು ವರ್ಷ. ವಯಸ್ಸು 47, ಇಡೀ ದಿನ ಕುರ್ಚಿ ಕೆಲಸ, ಎಡಮಂಡಿ ನೋವು. ನಮ್ಮ ಬ್ಲಾಕಿನ ಕೆಳಗೆ ಬೆಳಿಗ್ಗೆ ಆರೂವರೆಗೆ ಹತ್ತು-ಹನ್ನೆರಡು ಹಿರಿಯರು ತೈ ಚಿ (ಚೀನಾದ ನಿಧಾನ ಚಲನೆಯ ಕಸರತ್ತು) ಮಾಡುತ್ತಾರೆ. ಭಾನುವಾರ ಕೆಲವರ ಕೈಯಲ್ಲಿ ಕೆಂಪು ಕುಚ್ಚಿನ ಕತ್ತಿ. ಅದನ್ನು ನೋಡಿದಾಗಿನಿಂದ ಮನಸ್ಸು ಅಲ್ಲೇ ಇದೆ. ನೇರವಾಗಿ ಕತ್ತಿಯಿಂದಲೇ ಶುರು ಮಾಡಬಹುದೇ? ಆತ್ಮರಕ್ಷಣೆಗೆ ನಿಜಕ್ಕೂ ಒದಗುತ್ತದೆಯೇ?

ಶಾರದಕ್ಕ:
ತಮ್ಮಾ, ಮೊದಲು ಮಂಡಿ. ಡಾಕ್ಟರಿಗೆ ತೋರಿಸಿಕೊಂಡು ಬನ್ನಿ. ನಾನೂ ಸಿಂಗಪುರದಲ್ಲೇ, 52ನೇ ವಯಸ್ಸಿಗೆ ಶುರು ಮಾಡಿದೆ, ಈಗ 63. ಮೊದಲ ಮೂರು ತಿಂಗಳು ಮಂಡಿ ನೋವು ಹೆಚ್ಚೇ ಆಯಿತು. ಉತ್ಸಾಹದಲ್ಲಿ ತೀರಾ ಕೆಳಕ್ಕೆ ಕೂರುತ್ತಿದ್ದೆ, ಭಾರ ಹೊತ್ತ ಕಾಲನ್ನೇ ತಿರುಗಿಸುತ್ತಿದ್ದೆ. ಟೀಚರಮ್ಮ ನನ್ನ ಸೊಂಟ ಹಿಡಿದು ತಿದ್ದಿದರು: ಮೈಭಾರವನ್ನೆಲ್ಲ ಹಿಂಗಾಲಿಗೆ ಬಿಡಬೇಕು, ಮುಂದಿನ ಪಾದ ಹಗುರಾದ ಮೇಲೆ ಅದನ್ನು ತಿರುಗಿಸಬೇಕು, ಆಮೇಲೆ ನಿಧಾನಕ್ಕೆ ಭಾರ ತರಬೇಕು. ಒಂದು ಬಿಂದಿಗೆಯಿಂದ ಇನ್ನೊಂದಕ್ಕೆ ನೀರು ಬಗ್ಗಿಸಿದ ಹಾಗೆ. ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರಬೇಕು. ಇಷ್ಟು ಸರಿಹೋದ ಮೇಲೆ ನನ್ನ ನೋವು ಇಳಿಯಿತು.

ನಿಮ್ಮ ಬ್ಲಾಕಿನವರದು ಬಹುಶಃ 24 ಭಂಗಿಗಳ ಸರಣಿ. ತೈ ಚಿಯಲ್ಲಿ ಯಾಂಗ್ ಎಂಬ ಪದ್ಧತಿಯ ಉದ್ದ ಸರಣಿಯನ್ನು ಮೊಟಕು ಮಾಡಿ 1956ರಲ್ಲಿ ಚೀನಾದ ಕ್ರೀಡಾ ಆಯೋಗ ಸಾಮಾನ್ಯ ಜನರಿಗೆಂದು ಕಟ್ಟಿದ್ದು. ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಅದು ಮೈಗೆ ಕೂತು ಒಂದು ವರ್ಷವಾಗುವ ತನಕ ನಮಗೆ ಕತ್ತಿ ಮುಟ್ಟಲು ಬಿಡಲಿಲ್ಲ. ಆಗ ಬೇಸರವಾಗಿತ್ತು. ಮರದ ಕತ್ತಿ ಕೈಗೆ ಬಂದ ದಿನ ಕಾರಣ ತಿಳಿಯಿತು. ಬರಿಗೈಯಲ್ಲಿ ಮುಚ್ಚಿಹೋಗುವ ತಪ್ಪೆಲ್ಲ ಕತ್ತಿಯ ತುದಿಯಲ್ಲಿ ಕಾಣುತ್ತದೆ. ಭುಜ ಬಿಗಿದರೆ ತುದಿ ನಡುಗುತ್ತದೆ. ಸೊಂಟ ತಿರುಗದೆ ಕೈಯಷ್ಟೇ ಬೀಸಿದರೆ ಕುಚ್ಚು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತದೆ.

ಪಟ್ಟು:
ಮೇಡಂ, ನಾನು ಜೂಡೊ ಮಾಡುವವನು. ಎದುರಾಳಿ ಇಲ್ಲದೆ ಗಾಳಿಯಲ್ಲಿ ಕೈಯಾಡಿಸಿದರೆ ಆತ್ಮರಕ್ಷಣೆ ಬರುವುದಿಲ್ಲ. ಕಾಲರ್ ಹಿಡಿದು ಎಳೆದಾಗ ಏನು ಮಾಡಬೇಕೆಂದು ನೂರು ಸಲ ಎಳೆಸಿಕೊಂಡ ಮೈಗೆ ಮಾತ್ರ ಗೊತ್ತು.

ಶಾರದಕ್ಕ:
ಒಪ್ಪಿದೆ. ಆದರೆ ಇದೂ ಮೂಲದಲ್ಲಿ ಹೊಡೆದಾಟದ ವಿದ್ಯೆಯೇ. ಹೆನಾನ್ ಪ್ರಾಂತ್ಯದ ಚೆನ್ ಮನೆತನದವರ ಹಳ್ಳಿಯಲ್ಲಿ ಕಲಿತು 19ನೇ ಶತಮಾನದಲ್ಲಿ ಬೀಜಿಂಗಿಗೆ ಒಯ್ದವರು ಯಾಂಗ್ ಪದ್ಧತಿಯ ಮೂಲಪುರುಷ ಯಾಂಗ್ ಲುಚಾನ್. ಎದುರಾಳಿ ಬರುವುದು 'ತುಯ್ ಶೌ'ನಲ್ಲಿ: ಇಬ್ಬರು ಮಣಿಕಟ್ಟು ತಾಗಿಸಿ ನಿಂತು ಒಬ್ಬರನ್ನೊಬ್ಬರು ತಳ್ಳುವುದು. ನನ್ನ ಜೊತೆಗಾರರು ನಿವೃತ್ತ ಬಸ್ ಡ್ರೈವರ್, ಎಪ್ಪತ್ತು ದಾಟಿದವರು. ಮೊದಲ ದಿನ ಜೋರಾಗಿ ತಳ್ಳಿದೆ. ಒರಗಿದ ಬಾಗಿಲನ್ನು ಒಳಗಿಂದ ಯಾರೋ ತೆಗೆದ ಹಾಗಾಗಿ ಎರಡು ಹೆಜ್ಜೆ ಮುಗ್ಗರಿಸಿದೆ! ಈಗ ಕೈ ಹಿಡಿದವರ ಬಲ ಎತ್ತ ಹೋಗುತ್ತಿದೆ ಎಂದು ತಿಳಿಯುತ್ತದೆ. ಬೀದಿ ಜಗಳದಲ್ಲಿ ಹೊಡೆತ ತಪ್ಪಿಸಿಕೊಳ್ಳುತ್ತೇನೆ ಎಂದು ಹೇಳಲಾರೆ. ಅದೇ ಬೇಕಿದ್ದರೆ, ಗಟ್ಟಿಯಾಗಿ ತಳ್ಳುವ ಜೊತೆಗಾರರಿರುವ ಗುಂಪನ್ನೇ ಹುಡುಕಿ.

ಫಿಸಿಯೊ_ಹಾಸನ:
ಸಮತೋಲನದ ಬಗ್ಗೆ ಒಂದು ಮಾತು. ಅಮೆರಿಕದ ಒರೆಗಾನ್‌ನಲ್ಲಿ 195 ಪಾರ್ಕಿನ್ಸನ್ ರೋಗಿಗಳ ಮೇಲೆ ಆರು ತಿಂಗಳು ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವಾರಕ್ಕೆರಡು ದಿನ ತೈ ಚಿ ಮಾಡಿದವರು ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಕಡಿಮೆ ಸಲ ಬಿದ್ದರು.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಬೆಳಿಗ್ಗೆ ಕೆಳಗೆ ಹೋಗಿ ಕೇಳಿದೆ, ಶನಿವಾರ ತುಯ್ ಶೌ ಇದೆಯಂತೆ. ಗುರುವಾರ ಡಾಕ್ಟರ್. ಅಕ್ಕಾ, ಓಡುವ ಶೂ ನಡೆಯುತ್ತದಾ?

ಶಾರದಕ್ಕ:
ಬೇಡ. ತೆಳುವಾದ, ಚಪ್ಪಟೆ ಅಡಿಯದು ತಗೊಳ್ಳಿ. ದಪ್ಪ ಅಡಿಯಾದರೆ ಭಾರ ಪಾದದಲ್ಲಿ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ.