ಸೆಕೆಂಡ್ ಹ್ಯಾಂಡ್ ಡೈವ್ ಕಂಪ್ಯೂಟರ್: ನಿಮಿಷ ಜಾಸ್ತಿ, ಆಳ ಕಮ್ಮಿ ತೋರಿಸ್ತಿದೆ. ಕೆಟ್ಟಿದೆಯಾ?

ಸೇಡಂರೋಡ್

ಎಲ್ಲರಿಗೂ ನಮಸ್ಕಾರ, ಕಲಬುರಗಿಯಿಂದ ಬರೀತಿದ್ದೇನೆ. ದುಬೈಯಲ್ಲಿ ಕೆಲಸ ಮಾಡ್ತಿದ್ದ ನಮ್ಮ ಮಾಮಾ ಊರಿಗೆ ವಾಪಸ್ ಬಂದಾಗ ತಮ್ಮ ಕೈಗೆ ಕಟ್ಟೋ ಡೈವ್ ಕಂಪ್ಯೂಟರ್ (ನೀರಿನಡಿ ಆಳ, ಉಳಿದ ನಿಮಿಷ ತೋರಿಸೋದು) ನನಗೆ ಕೊಟ್ಟರು. ಹಳೇ ಮಾಡೆಲ್, ಕಪ್ಪು ಬಿಳುಪು ಸ್ಕ್ರೀನ್, ಬ್ಯಾಟರಿ ನಾವೇ ಬದಲಿಸಬಹುದು. ಮ್ಯಾನ್ಯುಯಲ್ ಇಲ್ಲ. ನನ್ನದು ಓಪನ್ ವಾಟರ್ ಅನ್ನೋ ಮೊದಲ ಹಂತದ ಡೈವಿಂಗ್ ಕೋರ್ಸ್ ಆಗಿದೆ.

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಇದನ್ನ ಕಟ್ಟಿಕೊಂಡು 18 ಮೀಟರ್ ಇಳಿದೆ. ಆ ದಿನದ ಮೊದಲ ಡೈವ್. ಕೆಳಗೆ ಮುಟ್ಟಿದ ಕೂಡಲೇ ಡೈವ್ ಮಾಸ್ಟರ್ ಕೈಯಲ್ಲಿದ್ದ ಕಂಪ್ಯೂಟರಿನಲ್ಲಿ ಉಳಿದ ಟೈಮ್ (ಇನ್ನೆಷ್ಟು ನಿಮಿಷ ಕೆಳಗಿದ್ದರೂ ನೇರ ಮೇಲೆ ಬರಬಹುದು ಅನ್ನೋದು) 50ರ ಆಸುಪಾಸು ಇತ್ತು, ನನ್ನದರಲ್ಲಿ 90 ದಾಟಿತ್ತು. ಅವರು ಕೈ ಮಾಡಿದಾಗ ಅವರ ಜೊತೆಗೇ ಮೇಲೆ ಬಂದೆ, ಅದು ಬೇರೆ ಮಾತು.

ಊರಿಗೆ ಬಂದ ಮೇಲೆ ಅನುಮಾನ ಹೋಗಲಿಲ್ಲ. ನಮ್ಮ ಹೊಲದ ಬಾವಿಯಲ್ಲಿ ಪರೀಕ್ಷೆ ಮಾಡಿದೆ. ನೈಲಾನ್ ಹಗ್ಗಕ್ಕೆ ಮೀಟರಿಗೊಂದು ಕೆಂಪು ಬಟ್ಟೆ ಚೂರು ಕಟ್ಟಿ, ತುದಿಗೆ ಒಂದು ಕಲ್ಲು, ಕಲ್ಲಿನ ಮೇಲೆ ಕಂಪ್ಯೂಟರ್. 9ನೇ ಗುರುತು ನೀರಿಗೆ ಮುಟ್ಟುವವರೆಗೆ ಬಿಟ್ಟೆ. ಮೇಲೆಳೆದು ನೋಡಿದರೆ ಗರಿಷ್ಠ ಆಳ 8.8. ಎಳೆಯುವಾಗ ಬಾವಿಯೊಳಗಿಂದ ಬೀಪ್ ಬೀಪ್ ಅಂತ ಕೂಗ್ತಿತ್ತು. ಈಗ ಸ್ಕ್ರೀನ್ ಮೇಲೆ ವಿಮಾನದ ಚಿತ್ರ ಬಂದು ಕೂತಿದೆ.

ಇದನ್ನ ಇಟ್ಟುಕೊಳ್ಳಲೋ, ಹೊಸದು ತಗೊಳ್ಳಲೋ? ಸೀಸನ್ ಮುಗಿಯೋ ಮೊದಲು ಇನ್ನೊಂದು ಸಲ ಹೋಗಬೇಕು ಅಂತಿದ್ದೇನೆ.

ಕೋಟೆಕಟ್ಟೆ_ಯಾದಗಿರಿ

ನಿಮಿಷ ಜಾಸ್ತಿ ಅಂದ್ರೆ ಒಳ್ಳೇದೇ ಅಲ್ವಾ? ಕೆಲವು ಕಂಪನಿಯವರ ಲೆಕ್ಕ ಸಡಿಲ, ಕೆಲವರದ್ದು ಬಿಗಿ. ನಿಮ್ಮದು ಸಡಿಲ ಇರಬೇಕು.

ಮಾಂಜ್ರಾದಂಡೆ

ಸಡಿಲ ಬಿಗಿ ಅಂದ್ರೂ ಇಷ್ಟು ವ್ಯತ್ಯಾಸ ಬರಲ್ಲ. 18 ಮೀಟರಿನಲ್ಲಿ ಐದೋ ಹತ್ತೋ ನಿಮಿಷ ಆಚೆ ಈಚೆ ಆಗಬಹುದು. 50 ಇದ್ದದ್ದು 90 ಆಗಿದೆ ಅಂದ್ರೆ ಯಾವುದೋ ಸೆಟ್ಟಿಂಗ್ ತಪ್ಪಿದೆ.

ತಮ್ಮಾ, ಡೈವ್ ಮೋಡಿನ ಸ್ಕ್ರೀನ್ ತೆಗೆದು ನೋಡು. ಆಮ್ಲಜನಕದ ಗುರುತಿನ ಪಕ್ಕ ಎಷ್ಟು ಅಂತ ಇದೆ? 21 ಇದೆಯಾ, ಬೇರೆ ಏನಾದ್ರೂ ಇದೆಯಾ? ಮೋಡ್ ಏರ್ ಅಂತ ಇದೆಯಾ, ನೈಟ್ರಾಕ್ಸ್ ಅಂತ ಇದೆಯಾ? ಅದೊಂದು ಹೇಳು, ಉಳಿದದ್ದು ಆಮೇಲೆ.

ಸೇಡಂರೋಡ್

ಅಕ್ಕಾ, ನೈಟ್ರಾಕ್ಸ್ ಅಂತ ಇದೆ, 32 ಅಂತ ಇದೆ.

ಮಾಂಜ್ರಾದಂಡೆ

ಸಿಕ್ಕಿತು ನೋಡು.

ನಿಮ್ಮ ಮಾಮಾ ಅಲ್ಲಿ ನೈಟ್ರಾಕ್ಸ್ 32 ಹಾಕಿಕೊಂಡು ಡೈವ್ ಮಾಡ್ತಿದ್ದರು, ಅಂದ್ರೆ 32 ಶೇಕಡಾ ಆಮ್ಲಜನಕ ಇರೋ ಗಾಳಿ. ಸೆಟ್ಟಿಂಗ್ ಹಾಗೇ ಉಳಿದಿದೆ. ನಿನಗೆ ನೇತ್ರಾಣಿಯಲ್ಲಿ ಕೊಟ್ಟ ಸಿಲಿಂಡರಿನಲ್ಲಿ ಇದ್ದದ್ದು ಮಾಮೂಲಿ ಗಾಳಿ. ನೀನು ಮಾಮಾನ ಕನ್ನಡಕ ಹಾಕಿಕೊಂಡು ಪೇಪರ್ ಓದಿದ ಹಾಗಾಯ್ತು.

ಕೈಗೆ ಕಟ್ಟಿದ ಆ ಡಬ್ಬಿ ಅಳೆಯೋದು ಒತ್ತಡ, ಹೊತ್ತು, ನೀರಿನ ಬಿಸಿ, ಅಷ್ಟೇ. ಸಿಲಿಂಡರಿನಲ್ಲಿ ಏನು ತುಂಬಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಮೆನುವಿನಲ್ಲಿ ನೀನು ಏನು ಹೇಳಿದೆಯೋ ಅದನ್ನೇ ನಂಬಿಕೊಂಡು ಲೆಕ್ಕ ಹಾಕ್ತಾ ಇರುತ್ತೆ.

ಆ 90 ನಿಮಿಷ ಎಲ್ಲಿಂದ ಬಂತು ಅಂತ ಕೈಯಲ್ಲೇ ಲೆಕ್ಕ ಹಾಕಬಹುದು. ಆಳದ ಒತ್ತಡಕ್ಕೆ ಉಸಿರಿನ ಸಾರಜನಕ ಮೈಯೊಳಗೆ ಸೇರ್ತಾ ಹೋಗುತ್ತೆ; ಅದು ಕಮ್ಮಿ ಸೇರಿದಷ್ಟೂ ನಿಮಿಷ ಜಾಸ್ತಿ ಸಿಗುತ್ತೆ. 18 ಮೀಟರಿನಲ್ಲಿ ಒಟ್ಟು ಒತ್ತಡ 2.8 ಬಾರ್. ಮಾಮೂಲಿ ಗಾಳಿಯಲ್ಲಿ ಸಾರಜನಕ 79 ಶೇಕಡಾ, ನೈಟ್ರಾಕ್ಸ್ 32ರಲ್ಲಿ 68. 2.8ನ್ನು 0.68ರಿಂದ ಗುಣಿಸಿ 0.79ರಿಂದ ಭಾಗಿಸಿದರೆ 2.41 ಬರುತ್ತೆ, ಅಂದ್ರೆ ಸುಮಾರು 14 ಮೀಟರ್ ಆಳದ ಒತ್ತಡ. ನೀನು 18ರಲ್ಲಿ ಇದ್ದೆ. ಕಂಪ್ಯೂಟರ್ ಮಾತ್ರ ಗಾಳಿ ಉಸಿರಾಡುತ್ತಾ 14ರಲ್ಲಿ ಇರೋ ಮನುಷ್ಯನ ಸಾರಜನಕವನ್ನ ಎಣಿಸ್ತಿತ್ತು. ಡೈವಿಂಗ್ ಕಲಿಸೋ ಪಾಡಿ ಸಂಸ್ಥೆಯ ಟೇಬಲ್ ತೆಗೆದು ನೋಡು: ಗಾಳಿಯಲ್ಲಿ 18 ಮೀಟರಿಗೆ 56 ನಿಮಿಷ, 14 ಮೀಟರಿಗೆ 98. ನೀನು ನೋಡಿದ ಎರಡು ನಂಬರೂ ಹೆಚ್ಚು ಕಮ್ಮಿ ಅಲ್ಲೇ ಇವೆ.

ಯಾದಗಿರಿ ಅಣ್ಣನವರಿಗೆ ಒಂದು ಮಾತು. ಬೇಜಾರು ಮಾಡ್ಕೋಬೇಡಿ, ಜಾಸ್ತಿ ನಿಮಿಷ ಒಳ್ಳೇದಲ್ಲ. ಅಷ್ಟು ಹೊತ್ತು ಕೆಳಗಿದ್ದು ನೇರ ಮೇಲೆ ಬಂದಿದ್ದರೆ ಮೈಯೊಳಗೆ ಸೇರಿದ ಸಾರಜನಕ ಗುಳ್ಳೆಯಾಗಿ ಕೀಲು ಹಿಡಿಯೋದು, ಕೈಕಾಲು ಜೋಮು, ಅದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು. ಜೊತೆಗಿರೋರಲ್ಲಿ ಯಾರ ಕಂಪ್ಯೂಟರ್ ಕಮ್ಮಿ ಟೈಮ್ ತೋರಿಸುತ್ತೋ ಅದನ್ನೇ ಎಲ್ಲರೂ ಪಾಲಿಸಬೇಕು.

ಉಲ್ಟಾ ಆದರೂ ತೊಂದರೆ ಇದೆ. ಸಿಲಿಂಡರಿನಲ್ಲಿ ನಿಜವಾಗ್ಲೂ 32 ಇದ್ದು ಕಂಪ್ಯೂಟರ್ ಏರ್‌ನಲ್ಲಿದ್ದರೆ ಟೈಮ್ ಕಮ್ಮಿ ಸಿಗುತ್ತೆ, ಅದು ಹೋಗಲಿ. ಆದರೆ ಆಳದಲ್ಲಿ ಆಮ್ಲಜನಕ ಜಾಸ್ತಿಯಾದರೆ ಅದೇ ವಿಷ, ಅದರ ಎಚ್ಚರಿಕೆ ಸರಿಯಾದ ಜಾಗದಲ್ಲಿ ಬರಲ್ಲ. ಆಮ್ಲಜನಕದ ಪಾಲಿನ ಒತ್ತಡಕ್ಕೆ 1.4 ಬಾರ್ ಮಿತಿ ಇಟ್ಟುಕೊಂಡರೆ ನೈಟ್ರಾಕ್ಸ್ 32ಕ್ಕೆ 33 ಮೀಟರ್ ಚಿಲ್ಲರೆ, ಅದರ ಕೆಳಗೆ ಹೋಗೋ ಹಾಗಿಲ್ಲ. ಕೆಲವು ಮಾಡೆಲ್ ಹೊಸ ದಿನ ಬಂದಾಗ ಹಳೇ ನೈಟ್ರಾಕ್ಸ್ ಸೆಟ್ಟಿಂಗ್ ಬಿಟ್ಟುಬಿಡುತ್ತವೆ, ಕೆಲವು ವರ್ಷಗಟ್ಟಲೆ ಹಿಡಿದುಕೊಂಡಿರುತ್ತವೆ. ನಿನ್ನದು ಎರಡನೇ ಜಾತಿ. ಹಾಗಾಗಿ ಪ್ರತಿ ಡೈವ್‌ಗೂ ಮೊದಲು ಆ ನಂಬರ್ ಕಣ್ಣಿಂದ ನೋಡಲೇಬೇಕು.

ಶಹಾಬಾದಿ

ಮೊದಲನೇದಕ್ಕೆ ಅಕ್ಕ ಸರಿಯಾಗಿ ಹೇಳಿದ್ದಾರೆ. ಎರಡನೇದು ನನಗೆ ಬಿಡಿ.

9 ಮೀಟರಿಗೆ 8.8 ತೋರಿಸಿದೆ ಅಂದ್ರೆ ನಿಮ್ಮ ಸೆನ್ಸರ್ ಚೆನ್ನಾಗಿದೆ ಅಂತಲೇ ಅರ್ಥ. ಕಂಪ್ಯೂಟರ್ ಆಳ ಅಳೆಯಲ್ಲ, ಒತ್ತಡ ಅಳೆದು ಅದನ್ನ ಮೀಟರಿಗೆ ತಿರುಗಿಸುತ್ತೆ. ಸಮುದ್ರದ ಉಪ್ಪು ನೀರು ಬಾವಿ ನೀರಿಗಿಂತ ಶೇಕಡಾ ಎರಡೂವರೆಯಿಂದ ಮೂರರಷ್ಟು ಭಾರ. ಉಪ್ಪು ನೀರಿಗೆ ಸೆಟ್ ಆಗಿರೋ ಕಂಪ್ಯೂಟರನ್ನು ಸಿಹಿ ನೀರಿಗೆ ಬಿಟ್ಟರೆ 9ನ್ನು 1.025ರಿಂದ ಭಾಗಿಸಿ, 8.78 ಬರುತ್ತೆ. ನಿಮಗೆ ಬಂದದ್ದೂ ಅದೇ. ಹಗ್ಗ ಒದ್ದೆಯಾಗಿ ಸ್ವಲ್ಪ ಹಿಗ್ಗಿದರೂ ಇಷ್ಟು ಹತ್ತಿರ ಬಂದಿದೆ, ಶಭಾಷ್. ಮೆನುವಿನಲ್ಲಿ ಸಿಹಿನೀರು–ಉಪ್ಪುನೀರು ಆಯ್ಕೆ ಇದ್ದರೆ ಬದಲಿಸಿ ಮತ್ತೆ ಬಿಟ್ಟು ನೋಡಿ. ಆಯ್ಕೆ ಇಲ್ಲದ ಮಾಡೆಲ್ ಆದರೂ ಚಿಂತೆ ಬೇಡ. ಮೈಯೊಳಗಿನ ಸಾರಜನಕದ ಲೆಕ್ಕ ನಡೆಯೋದು ಒತ್ತಡದ ಮೇಲೆ, ಮೀಟರಿನ ಮೇಲಲ್ಲ.

ಬೀಪ್ ಯಾಕೆ ಅಂದ್ರೆ ನೀವು ಹಗ್ಗ ಸರ ಸರ ಎಳೆದಿದ್ದೀರಿ. ನಿಮಿಷಕ್ಕೆ 9–10 ಮೀಟರಿಗಿಂತ ಜೋರಾಗಿ ಮೇಲೆ ಬಂದರೆ ಅದು ಕೂಗುತ್ತೆ, ಕೂಗಬೇಕು ಕೂಡ. ವಿಮಾನದ ಚಿತ್ರ ಅಂದ್ರೆ ಈಗ ವಿಮಾನ ಹತ್ತಬೇಡಿ ಅಂತ. ಒಂದು ಒಂದೂವರೆ ಮೀಟರ್ ದಾಟಿದರೆ ಅದಕ್ಕೆ ಅದು ಡೈವೇ. ಬಾವಿಗೆ ಇಳಿದದ್ದು ಕಲ್ಲೋ ಮನುಷ್ಯನೋ ಅಂತ ಅದಕ್ಕೇನು ಗೊತ್ತು! ಆರಾಮಾಗಿ ಬಿಡಿ, ತಾನೇ ಹೋಗುತ್ತೆ.

ಅಂದ ಹಾಗೆ ಬಾವಿಗೆ ಕಂಪ್ಯೂಟರ್ ಇಳಿಸಿದ್ದು ಸರಿ, ನೀವು ಇಳಿಯಬೇಡಿ. ಹಳೇ ಬಾವಿಗಳಲ್ಲಿ ಗಾಳಿ ಕೆಟ್ಟಿರುತ್ತೆ, ಒಬ್ಬರನ್ನ ಎತ್ತೋಕೆ ಹೋಗಿ ಇನ್ನೊಬ್ಬರೂ ಹೋಗಿರೋ ಸುದ್ದಿ ಪೇಪರಿನಲ್ಲಿ ಓದ್ತಾನೇ ಇರ್ತೀವಿ.

ಓಲ್ಡ್‌ಸಿಟಿ_ಬೀದರ್

ನಮ್ಮ ನೌಬಾದ್ ಸುರಂಗ ಬಾವಿಯಲ್ಲಿ ಟೆಸ್ಟ್ ಮಾಡೋಣ ಬನ್ನಿ, ಬಹಮನಿ ಕಾಲದ್ದು, ನೀರೂ ತಂಪು 😄

ಮಾಂಜ್ರಾದಂಡೆ

ತಮಾಷೆಗೂ ಬೇಡಪ್ಪಾ. ತಲೆ ಮೇಲೆ ಚಾವಣಿ ಇರೋ ಯಾವ ನೀರಿಗೂ ಓಪನ್ ವಾಟರ್ ಕಾರ್ಡ್ ಹಿಡಿದು ಇಳಿಯೋ ಹಾಗಿಲ್ಲ, ಅದರ ತರಬೇತಿಯೇ ಬೇರೆ. ಅದೂ ಅಲ್ಲದೆ ಅದು ಸ್ಮಾರಕ.

ಶಹಾಬಾದಿ

ಒಂದು ಮರೆತಿದ್ದೆ. ಎತ್ತರದ ಸೆಟ್ಟಿಂಗ್ ನೋಡಿ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಬೀದರ್ 600 ದಾಟುತ್ತೆ. ಎತ್ತರ ಹೋದಷ್ಟೂ ನೀರಿನ ಮೇಲಿನ ಗಾಳಿಯ ಒತ್ತಡ ಕಮ್ಮಿ; 300 ಮೀಟರ್ ಮೀರಿದರೆ ಅದು ಎತ್ತರದ ಡೈವ್ ಅಂತಲೇ ಲೆಕ್ಕ. ಎ0, ಎ1, ಎ2 ಅಂತ ತೋರಿಸೋ ಮಾಡೆಲ್‌ಗಳಲ್ಲಿ ಎ0 ಅಂದ್ರೆ 300ರವರೆಗೆ, ಎ1 300ರಿಂದ 1500, ಎ2 1500ರಿಂದ 3000. ಇಲ್ಲಿ ಈಜುಕೊಳದಲ್ಲಿ ಅಭ್ಯಾಸ ಮಾಡೋದಾದರೂ ಎ1 ಇರಲಿ.

ಕೋಟೆಕಟ್ಟೆ_ಯಾದಗಿರಿ

ಸುಮ್ನೆ ಹೆದರಿಸಬೇಡ್ರಿ ಶಹಾಬಾದಿಯವರೇ. ಈಜುಕೊಳದ ಮೂರು ಮೀಟರಿಗೆ ಎಂಥ ಎ1? ನಮ್ಮ ಕಡೆ ಎಲ್ಲಿ ಬೆಟ್ಟ ಇದೆ?

ಶಹಾಬಾದಿ

ಮೂರು ಮೀಟರಿಗೆ ಏನೂ ಆಗಲ್ಲ, ಒಪ್ಪಿದೆ. ನಾನು ಹೇಳೋದು ಬೇರೆ. ಎ1 ಇಟ್ಟುಕೊಂಡೇ ನೇತ್ರಾಣಿಗೆ ಹೋದರೆ ಒಂದಷ್ಟು ನಿಮಿಷ ಕಮ್ಮಿ ಸಿಗುತ್ತೆ, ಅಷ್ಟೇ ನಷ್ಟ. ಎ0 ಇಟ್ಟುಕೊಂಡು ಎತ್ತರದ ಜಲಾಶಯದಲ್ಲಿ ಆಳಕ್ಕೆ ಇಳಿದರೆ ಕಂಪ್ಯೂಟರ್ ನಿಮಗೆ ಸಲ್ಲದ ನಿಮಿಷ ಕೊಡುತ್ತೆ. ತಪ್ಪಿದರೆ ಮೊದಲನೇ ಕಡೆ ತಪ್ಪಲಿ. ಇವತ್ತಿನ ಬಹಳಷ್ಟು ಕಂಪ್ಯೂಟರ್ ಒಳಗಿರೋ ಲೆಕ್ಕ ಜ್ಯೂರಿಕ್‌ನ ಆಲ್ಬರ್ಟ್ ಬ್ಯೂಲ್ಮನ್ ಅವರದ್ದು. ಸ್ವಿಟ್ಜರ್ಲೆಂಡಿಗೆ ನಮ್ಮ ಕಲಬುರಗಿ ಹಾಗೇ ಸಮುದ್ರ ಇಲ್ಲ. ಅಲ್ಲಿನ ಬೆಟ್ಟದ ಮೇಲಿನ ಕೆರೆಗಳನ್ನ ಮನಸ್ಸಿನಲ್ಲಿ ಇಟ್ಟುಕೊಂಡೇ ಅವರು ಈ ಎತ್ತರದ ಲೆಕ್ಕ ಮಾಡಿದ್ದು.

ಹೊಸ ಮಾಡೆಲ್‌ಗಳು ಎತ್ತರವನ್ನ ತಾವೇ ಕಂಡುಕೊಳ್ಳುತ್ತವೆ. ಅದರಲ್ಲೂ ಒಂದು ಕಂಡೀಷನ್ ಇದೆ: ನೀರಿಗೆ ಇಳಿಯೋ ಮೊದಲೇ ಆನ್ ಮಾಡಿ. ನೀರು ತಾಗಿದರೆ ತಾನೇ ಆನ್ ಆಗುತ್ತೆ ಅಂತ ನೆಚ್ಚಿಕೊಂಡು ಧುಮುಕಿದರೆ, ಕೆಳಗೆ ಹೋದ ಮೇಲೆ ಎದ್ದ ಕಂಪ್ಯೂಟರಿಗೆ ಮೇಲಿನ ಒತ್ತಡ ಎಷ್ಟಿತ್ತು ಅಂತ ಗೊತ್ತಿರಲ್ಲ.

ಸೇಡಂರೋಡ್

ಎಲ್ಲರಿಗೂ ಬಹಳ ಥ್ಯಾಂಕ್ಸ್. ಏರ್ ಮೋಡಿಗೆ ಹಾಕಿದೆ. ಪ್ಲಾನ್ ಮೆನುವಿನಲ್ಲಿ 18 ಮೀಟರಿಗೆ ಈಗ 50ರ ಹತ್ತಿರ ಬರ್ತಿದೆ. ಎತ್ತರ ಎ0 ಇತ್ತು.

ಹಾಗಾದರೆ ಹೊಸದು ಬೇಡವಾ? ಬಣ್ಣದ ಸ್ಕ್ರೀನ್ ಇರೋದು ನೋಡಿ ಸ್ವಲ್ಪ ಆಸೆ ಆಗಿತ್ತು. ಇನ್ನೊಂದು, ಇದರ ಪಕ್ಕದಲ್ಲಿರೋ ಸಣ್ಣ ಲೋಹದ ಚುಕ್ಕೆಗಳ ಮೇಲೆ ಬಿಳಿ ಪುಡಿ ಕೂತಿದೆ. ಮೇಜಿನ ಮೇಲೆ ಸುಮ್ನೆ ಇಟ್ಟಿದ್ದರೂ ಒಮ್ಮೊಮ್ಮೆ ತಾನೇ ಆನ್ ಆಗಿ ನೀರಿನಲ್ಲಿ ಇರೋ ಹಾಗೆ ತೋರಿಸುತ್ತೆ.

ಮಾಂಜ್ರಾದಂಡೆ

ಆ ಚುಕ್ಕೆಗಳೇ ನೀರಿನ ಕಾಂಟ್ಯಾಕ್ಟ್. ಅವೆರಡರ ನಡುವೆ ಒದ್ದೆ ಇದ್ದರೆ ಕಂಪ್ಯೂಟರ್ ನೀರಲ್ಲಿದ್ದೇನೆ ಅಂದುಕೊಳ್ಳುತ್ತೆ. ತೊಳೆದದ್ದು ಬೋರ್ ನೀರಿನಲ್ಲಿ ತಾನೇ? ನಮ್ಮ ಕಡೆಯ ಬೋರ್ ನೀರಿನಲ್ಲಿ ಸುಣ್ಣ ಜಾಸ್ತಿ. ಗೀಸರ್ ಕಾಯಿಲ್ ನೋಡಿದವರಿಗೆ ಹೇಳಬೇಕಾಗಿಲ್ಲ. ಸುಣ್ಣ, ಉಪ್ಪು, ಬೆವರು ಸೇರಿ ಕಚ್ಚಿಕೊಂಡರೆ ತೇವ ಅಲ್ಲೇ ನಿಲ್ಲುತ್ತೆ, ಬ್ಯಾಟರಿ ಬೇಗ ಮುಗಿಯುತ್ತೆ. ಒಂದು ಬಟ್ಟಲು ಫಿಲ್ಟರ್ ನೀರಿನಲ್ಲಿ ನೆನೆಸು. ಆಮೇಲೆ ಮೆತ್ತನೆ ಹಲ್ಲುಜ್ಜೋ ಬ್ರಶ್ಶಿನಲ್ಲಿ ನಿಧಾನ ಉಜ್ಜಿ, ಒಣ ಬಟ್ಟೆಯಿಂದ ಒರೆಸು. ಚಾಕು, ಪಿನ್ನು, ಆಸಿಡ್ ಹತ್ತಿರ ತರಬೇಡ. ಬಟನ್‌ಗಳನ್ನ ನೀರೊಳಗೆ ಒತ್ತಬೇಡ. ಒಣಗಿದ ಮೇಲೂ ತಾನೇ ಆನ್ ಆಗ್ತಿದ್ದರೆ ಸರ್ವಿಸ್ ಸೆಂಟರಿಗೆ ಕಳಿಸು, ಅಲ್ಲಿಯವರೆಗೆ ಇದನ್ನ ನಂಬಿ ಇಳಿಯಬೇಡ.

ಬ್ಯಾಟರಿ ಬದಲಿಸುವಾಗ ಮುಚ್ಚಳದ ರಬ್ಬರ್ ಉಂಗುರ, ಅಂದ್ರೆ ಓ-ರಿಂಗೂ ಹೊಸದು ಹಾಕು, ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರು. ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಳಗೆ ಹೋಗುತ್ತೆ. ಸಿಆರ್2450 ಸೆಲ್ ಹಾಕೋ ಮಾಡೆಲ್ ಆದರೆ ಸೂಪರ್ ಮಾರ್ಕೆಟ್ ಕಡೆ ವಾಚ್ ಅಂಗಡಿಗಳಲ್ಲಿ ಕೇಳಿ ನೋಡು, ಆದರೆ ಮುಚ್ಚಳ ಅವರ ಕೈಯಲ್ಲಿ ತೆಗೆಸಬೇಡ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡ, ನಮ್ಮ ಏಪ್ರಿಲ್ ಬಿಸಿಲಿಗೆ ಸ್ಕ್ರೀನ್ ಕಪ್ಪಾಗುತ್ತೆ.

ಹೊಸದು ಈಗಲೇ ಬೇಡ ಅನ್ನೋದು ನನ್ನ ಅಭಿಪ್ರಾಯ. ವರ್ಷಕ್ಕೆ ಒಂದೆರಡು ಸಲ ನೇತ್ರಾಣಿಗೆ ಹೋಗೋರಿಗೆ ಇದೇ ಸಾಕು. ಮುಂದೆ ತಗೊಂಡರೆ ಬಣ್ಣ ಆಮೇಲೆ ನೋಡು, ಮೊದಲು ಅಂಕಿ ಎಷ್ಟು ದಪ್ಪ ಇವೆ, ಒದ್ದೆ ಕೈಯಲ್ಲಿ ಬಟನ್ ಒತ್ತೋಕೆ ಆಗುತ್ತಾ, ಮೆನು ಮ್ಯಾನ್ಯುಯಲ್ ಇಲ್ಲದೆ ಅರ್ಥ ಆಗುತ್ತಾ ನೋಡು. ಕ್ರೆಸ್ಸಿ ಲಿಯೊನಾರ್ಡೊ ಒಂದೇ ಬಟನ್ನಿನದು, ಹೊಸಬರಿಗೆ ಸುಲಭ. ಶಿಯರ್‌ವಾಟರ್ ಪೆರಿಗ್ರಿನ್ ಸ್ಕ್ರೀನ್ ನೋಡಿದರೆ ಆಸೆ ಆಗೋದು ಸಹಜ, ಚಾರ್ಜ್ ಮಾಡೋದು, ದುಡ್ಡೂ ಜಾಸ್ತಿ. ಸಿಲಿಂಡರಿನ ಒತ್ತಡ ಕೈಗೆ ಕಳಿಸೋ ಟ್ರಾನ್ಸ್‌ಮಿಟರ್ ನಿನಗೆ ಈಗ ಬೇಡವೇ ಬೇಡ.

ಓಲ್ಡ್‌ಸಿಟಿ_ಬೀದರ್

ಈ ಸಲ ಸೀರಿಯಸ್ಸಾಗಿ ಕೇಳ್ತಿದ್ದೇನೆ. ಆ ವಿಮಾನದ ಗುರುತು ಬಸ್ಸಿಗೂ ಅನ್ವಯಿಸುತ್ತಾ? ನಾವು ಮುರುಡೇಶ್ವರದಲ್ಲಿ ಬೋಟ್ ಇಳಿದು ಅದೇ ಸಂಜೆ ಹುಬ್ಬಳ್ಳಿ ಕಡೆ ಹೊರಡ್ತೀವಿ.

ಶಹಾಬಾದಿ

ಒಳ್ಳೇ ಪ್ರಶ್ನೆ. ಘಟ್ಟ ಹತ್ತೋದು ಅಂದ್ರೂ ಒತ್ತಡ ಇಳಿಯೋದೇ. ಹುಬ್ಬಳ್ಳಿ 600 ಮೀಟರ್ ಮೇಲಿದೆ, ಡೈವಿಂಗ್ ನಂತರ ಕಾಯಬೇಕು ಅನ್ನೋ ಡ್ಯಾನ್ (ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಡೈವರ್‌ಗಳ ಸುರಕ್ಷತೆಯ ಸಂಸ್ಥೆ) ಸಲಹೆ ಶುರುವಾಗೋದೂ ಸುಮಾರು ಆ ಎತ್ತರದಿಂದಲೇ. ಅವರು ಹೇಳೋದು ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಡೈವ್ ಅಥವಾ ಹಲವು ದಿನ ಆದರೆ 18 ಗಂಟೆ. ಬೆಳಿಗ್ಗೆ ಒಂದು ಡೈವ್ ಮಾಡಿದ್ರೆ ರಾತ್ರಿ ಅಲ್ಲೇ ಮಲಗಿ, ಮಾರನೇ ಬೆಳಿಗ್ಗೆ ಹೊರಡಿ. ಎರಡು ಮಾಡಿದ್ರೆ ಗಡಿಯಾರ ನೋಡಿ ಹೊರಡಿ.

ಸೇಡಂರೋಡ್

ಕಾಂಟ್ಯಾಕ್ಟ್ ಉಜ್ಜಿದೆ, ಪುಡಿ ಹೋಯ್ತು, ನಿನ್ನೆಯಿಂದ ತಾನೇ ಆನ್ ಆಗಿಲ್ಲ. ಎ1ಕ್ಕೆ ಹಾಕಿದೆ, ಪ್ಲಾನ್‌ನಲ್ಲಿ ನಿಮಿಷ ಇನ್ನೂ ಕಮ್ಮಿ ಆದವು. ಸರಿ ತಾನೇ?

ಮಾಂಜ್ರಾದಂಡೆ

ಸರಿ. ಮುರುಡೇಶ್ವರದಲ್ಲಿ ಬೋಟ್ ಹತ್ತೋ ಮೊದಲು ಎ0 ಮಾಡಿಕೋ, ಸಿಲಿಂಡರಿನಲ್ಲಿ ಏನಿದೆ ಅಂತ ಕೇಳಿಕೋ. ಮಾಮಾನಿಗೆ ಫೋನ್ ಮಾಡಿ ಕೊನೇ ಸಲ ಬ್ಯಾಟರಿ ಯಾವಾಗ ಹಾಕಿದ್ದು ಅಂತಲೂ ಕೇಳು.