ಶುಗರ್ ಇದ್ದವರಿಗೆ ಆಸ್ಪತ್ರೆಯಲ್ಲಿ ಇನ್ಫೆಕ್ಷನ್ ಯಾಕೆ ಆಗುತ್ತದೆ? ನೋಡಿಕೊಂಡವರು ಹೇಳಿ

ಶಹಾಪುರದ ಸೊಸೆ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ 64 ವರ್ಷ. ಶುಗರ್ ಬಂದು 15 ವರ್ಷ ಆಯಿತು. ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಕಲಬುರಗಿಗೆ ಕರೆತಂದು ಸೇರಿಸಿದ್ದೇವೆ. ನಾಡಿದ್ದು ಆಪರೇಷನ್. ಮಾತಾಡಿಸಲು ಬಂದವರೆಲ್ಲ "ಶುಗರ್ ಇದ್ದವರಿಗೆ ಇನ್ಫೆಕ್ಷನ್ ಆಗೇ ಆಗುತ್ತೆ, ಗಾಯ ಮಾಯೋದಿಲ್ಲ" ಅಂತ ಹೆದರಿಸಿ ಹೋಗುತ್ತಿದ್ದಾರೆ. ನಿಜವಾಗಿ ಯಾತಕ್ಕೆ ಆಗುತ್ತದೆ? ರಾತ್ರಿ ಹಗಲು ಪಕ್ಕದಲ್ಲಿ ಕೂತಿರುವವಳು ನಾನು. ಏನೇನು ನೋಡಿಕೊಳ್ಳಬೇಕು?

ಕಲಬುರಗಿಯ ಮಗಳು

ಅಕ್ಕಾ, ಗಾಬರಿ ಆಗಬೇಡಿ. "ಆಗೇ ಆಗುತ್ತೆ" ಅನ್ನೋದು ಸುಳ್ಳು. ಶುಗರ್ ಇಲ್ಲದವರಿಗಿಂತ ಇವರಿಗೆ ಜಾಸ್ತಿ ಆಗುತ್ತದೆ, ಅಷ್ಟು ನಿಜ. ನಮ್ಮ ಅಪ್ಪನಿಗೂ ಎರಡು ವರ್ಷದ ಹಿಂದೆ ಸೊಂಟದ ಮೂಳೆಯೇ ಮುರಿದಿತ್ತು. ನಾವು ಏನು ಗಮನಿಸಲಿಲ್ಲ ಅನ್ನೋದನ್ನು ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರಲಿ.

ಅಪ್ಪನ ಆಪರೇಷನ್ ಚೆನ್ನಾಗಿಯೇ ಆಯಿತು. ಹೊಲಿಗೆ ಒಣಗುತ್ತಾ ಬಂತು. ನಾವೆಲ್ಲ ದಿನಾ ಆ ಗಾಯವನ್ನೇ ನೋಡುತ್ತಿದ್ದೆವು. ಇನ್ಫೆಕ್ಷನ್ ಬಂದದ್ದು ಗಾಯದಿಂದ ಅಲ್ಲ, ಮೂತ್ರದ ಪೈಪಿನಿಂದ.

ಆಪರೇಷನ್ ದಿನ ಹಾಕಿದ ಪೈಪ್ ಆರನೇ ದಿನವೂ ಹಾಗೇ ಇತ್ತು. ಯಾರೂ ತೆಗೆಯಿರಿ ಅನ್ನಲಿಲ್ಲ. ನಾವಾದರೂ "ಇರಲಿ ಬಿಡಿ, ಎಬ್ಬಿಸೋ ಕಷ್ಟ ತಪ್ಪಿತು" ಅಂದುಕೊಂಡೆವು. ಒಂದು ದಿನ ಎಕ್ಸ್‌ರೇಗೆ ಸ್ಟ್ರೆಚರ್ ಮೇಲೆ ಕರೆದುಕೊಂಡು ಹೋಗುವಾಗ ಮೂತ್ರದ ಚೀಲವನ್ನು ಅಪ್ಪನ ಹೊಟ್ಟೆಯ ಮೇಲೇ ಇಟ್ಟರು. ಹಳದಿ ನೀರು ಕೊಳವೆಯಲ್ಲಿ ಹಿಂದಕ್ಕೆ ಸರಿದದ್ದನ್ನು ನಾನು ಕಣ್ಣಾರೆ ನೋಡಿದೆ. ಅದು ತಪ್ಪು ಅಂತ ಆಗ ನನಗೆ ಗೊತ್ತಿರಲಿಲ್ಲ. ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೆ ತೂಗುತ್ತಿರಬೇಕು. ನೆಲಕ್ಕೂ ತಾಗಬಾರದು. ಮೇಲೆ ಹೋದರೆ ಚೀಲದಲ್ಲಿ ನಿಂತ ಮೂತ್ರ ಒಳಕ್ಕೇ ಇಳಿಯುತ್ತದೆ.

ಅದಾದ ಎರಡನೇ ದಿನ ಬೆಳಿಗ್ಗೆ ಶುಗರ್ 310. ಹಿಂದಿನ ದಿನದವರೆಗೂ 170, 180ರ ಹತ್ತಿರ ಇತ್ತು. ಜ್ವರ ಇಲ್ಲ, ಚಳಿ ಇಲ್ಲ. ಎಲ್ಲರೂ ನನ್ನನ್ನೇ ಬೈದರು. ರಾತ್ರಿ ಅರ್ಧ ಬಾಳೆಹಣ್ಣು ತಿನ್ನಿಸಿದ್ದೆ ನೋಡಿ. ಇನ್ಸುಲಿನ್ ಎರಡು ಪಾಯಿಂಟ್ ಏರಿಸಿ ಸುಮ್ಮನಾದರು. ಸಂಜೆ ಅಪ್ಪ ನನ್ನನ್ನು ಅತ್ತೆಯ ಹೆಸರು ಹಿಡಿದು ಕರೆದರು. ಅಪ್ಪನ ಅಕ್ಕ ಅವರು, ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಆಗ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು ನೋಡಿ, "ಬಾಳೆಹಣ್ಣಲ್ಲ ಇದು, ಒಳಗೆ ಎಲ್ಲೋ ಇನ್ಫೆಕ್ಷನ್ ಇದೆ" ಅಂದರು. ಪೈಪ್ ಬದಲಾಯಿಸಿ, ಮೂತ್ರ, ರಕ್ತ ಎರಡನ್ನೂ ಕಲ್ಚರ್‌ಗೆ (ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿ, ಆಮೇಲೆ ಆಂಟಿಬಯೋಟಿಕ್ ಶುರು ಮಾಡಿದರು. ಮೂರನೇ ದಿನ ರಿಪೋರ್ಟ್ ಬಂತು, ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ. ರಿಪೋರ್ಟ್ ನೋಡಿ ಔಷಧಿ ಬದಲಾಯಿಸಿದರು. ಅಪ್ಪ ಉಳಿದರು. 19 ದಿನ ಆಸ್ಪತ್ರೆಯಲ್ಲೇ ಕಳೆದೆವು.

ಅದಕ್ಕೇ ಅಕ್ಕಾ, ನನ್ನ ಮಾತು ಇಷ್ಟೇ. ಇನ್ಫೆಕ್ಷನ್ ಆದರೆ ಶುಗರ್ ಏರುತ್ತದೆ. ವಯಸ್ಸಾದವರಿಗೆ ಎಷ್ಟೋ ಸಲ ಜ್ವರ ಬರೋದೇ ಇಲ್ಲ. ಊಟ, ಔಷಧಿ ಎಲ್ಲ ಅದೇ ಇದ್ದು ಶುಗರ್ ಒಮ್ಮೆಲೇ ಜಿಗಿದರೆ, ಮಾತು ತಡವರಿಸಿದರೆ, ಊಟ ಬೇಡ ಅಂದರೆ, ಕೂಡಲೇ ಹೇಳಿ. "ಎಲ್ಲಿಂದ ಇರಬಹುದು ನೋಡಿ ಸರ್" ಅಂತ ಕೇಳಿ. ಮತ್ತೆ ದಿನಾ ಬೆಳಿಗ್ಗೆ ರೌಂಡ್ಸ್‌ಗೆ ಬಂದಾಗ ಒಂದೇ ಪ್ರಶ್ನೆ: "ಈ ಪೈಪ್ ಇವತ್ತೂ ಬೇಕಾ ಸರ್?" ನಾನು ಕೇಳಲಿಲ್ಲ. ನೀವು ಕೇಳಿ.

ಬೀದರಿನ ಸ್ಟಾಫ್ ನರ್ಸ್

ಮೇಲಿನ ಅಕ್ಕ ಹೇಳಿದ್ದು ಸರಿ. ಪೈಪ್ ಇದ್ದ ಪ್ರತಿ ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ನೂರಕ್ಕೆ 3ರಿಂದ 7ರಷ್ಟು ಏರುತ್ತಾ ಹೋಗುತ್ತದೆ. ನಮಗೆ ಕಲಿಸಿದ ಲೆಕ್ಕ ಇದು. ಒಂದು ವಾರ ಇಟ್ಟರೆ ಎಷ್ಟಾಯಿತು ನೋಡಿ.

ಶುಗರ್ ಇದ್ದವರಿಗೇ ಯಾಕೆ ಅಂದರೆ, ರಕ್ತದಲ್ಲಿ ಸಕ್ಕರೆ ಏರಿದಾಗ ಬಿಳಿ ರಕ್ತಕಣಗಳಿಗೆ ಶಕ್ತಿ ಇರೋದಿಲ್ಲ. ಕಾಯಿಲೆ ಇದ್ದಲ್ಲಿಗೆ ಅವು ಬೇಗ ಹೋಗೋದಿಲ್ಲ, ಹೋದರೂ ಬ್ಯಾಕ್ಟೀರಿಯಾವನ್ನು ಸರಿಯಾಗಿ ನುಂಗೋದಿಲ್ಲ. ಸಣ್ಣ ರಕ್ತನಾಳಗಳು ಕೆಟ್ಟಿದ್ದರೆ ಗಾಯಕ್ಕೆ ರಕ್ತವೂ ಕಮ್ಮಿ, ಔಷಧಿಯೂ ಅಲ್ಲಿಗೆ ಕಮ್ಮಿ ತಲುಪುತ್ತದೆ. ನರ ಸತ್ತಿದ್ದರೆ ನೋವೇ ಗೊತ್ತಾಗೋದಿಲ್ಲ. ಇದರ ಮೇಲೆ ಆಸ್ಪತ್ರೆಯಲ್ಲಿ ಸೂಜಿ, ಪೈಪ್, ಹೊಲಿಗೆ ಅಂತ ಚರ್ಮದಲ್ಲಿ ನಾವೇ ನಾಲ್ಕು ಬಾಗಿಲು ತೆರೆದಿರುತ್ತೇವೆ. ವಾರ್ಡಿನ ಬ್ಯಾಕ್ಟೀರಿಯಾ ಮನೆಯದಕ್ಕಿಂತ ಗಟ್ಟಿ, ಎಷ್ಟೋ ಔಷಧಿಗೆ ಬಗ್ಗೋದಿಲ್ಲ.

ಅದಕ್ಕೇ ಆಸ್ಪತ್ರೆಯಲ್ಲಿ ಇರುವಷ್ಟು ದಿನ ಸಾಮಾನ್ಯವಾಗಿ ಶುಗರನ್ನು 140ರಿಂದ 180ರ ನಡುವೆ ಇಡಲು ನೋಡುತ್ತಾರೆ. "100ಕ್ಕೆ ಯಾಕೆ ತರ್ತಿಲ್ಲ" ಅಂತ ಜಗಳಕ್ಕೆ ಹೋಗಬೇಡಿ. ತೀರಾ ಇಳಿದರೆ ಅದೂ ಅಪಾಯವೇ. ಮಾತ್ರೆ ನಿಲ್ಲಿಸಿ ಇನ್ಸುಲಿನ್ ಕೊಟ್ಟರೆ "ಇನ್ನು ಜೀವನಪೂರ್ತಿ ಸೂಜಿ" ಅಂತ ಅಳಬೇಡಿ, ಎಷ್ಟೋ ಜನ ಮನೆಗೆ ಹೋಗುವಾಗ ಮತ್ತೆ ಮಾತ್ರೆಗೇ ಹೋಗುತ್ತಾರೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರಹದ ಮಾತ್ರೆ ತಗೊಳ್ಳುತ್ತಿದ್ದರೆ ಈಗಲೇ ಡಾಕ್ಟರಿಗೆ ತೋರಿಸಿ, ನಾಡಿದ್ದಿನವರೆಗೆ ಕಾಯಬೇಡಿ. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆ ಅದು. ಕೆಳಗಿನ ಜಾಗದಲ್ಲಿ ಫಂಗಸ್ ತುರಿಕೆ ಬರುತ್ತದೆ. ಆಪರೇಷನ್‌ಗೆ 3 ದಿನ ಮೊದಲೇ ನಿಲ್ಲಿಸಬೇಕಾದ ಮಾತ್ರೆ ಕೂಡ.

ಸಲೈನ್ ಸೂಜಿಯ ಜಾಗವನ್ನು ದಿನಕ್ಕೆರಡು ಸಲ ನೋಡಿ. ಕೆಂಪಾದರೆ, ಊದಿಕೊಂಡರೆ, ಮುಟ್ಟಿದರೆ ಉರಿ ಅಂದರೆ ಸಿಸ್ಟರ್‌ನ್ನು ಕರೆದು ತೆಗೆಸಿ. "ಇನ್ನೊಂದು ಸಲ ಚುಚ್ಚಬೇಕಲ್ಲ ಪಾಪ" ಅಂತ ಬಿಡಬೇಡಿ. ಇನ್ಸುಲಿನ್ ಪೆನ್ ಅವರದು ಅವರಿಗೇ. ಸೂಜಿ ಬದಲಾಯಿಸಿದರೂ ಪಕ್ಕದ ಬೆಡ್‌ಗೆ ಕೊಡಬಾರದು, ಅವರದು ತಗೊಳ್ಳಲೂಬಾರದು.

ಒಂದು ಮಾತು. ಈಗ ಮಾವಿನ ಕಾಲ. ಮಾವು ಸುಲಿದ ಕೈಯಲ್ಲೇ ಬೆರಳು ಚುಚ್ಚಿಸಿಕೊಂಡರೆ ಮಿಷನ್ ಸುಳ್ಳು ಹೇಳುತ್ತದೆ. ರಸದ ಸಕ್ಕರೆಯೂ ಅದರಲ್ಲಿ ಸೇರುತ್ತದೆ. ನಮ್ಮ ವಾರ್ಡಲ್ಲಿ ಒಬ್ಬ ಅಜ್ಜನಿಗೆ 400ರ ಮೇಲೆ ತೋರಿಸಿತು, ಕೈ ತೊಳೆಸಿ ನೋಡಿದರೆ 190. ಮೊದಲ ಅಂಕಿ ನಂಬಿ ಇನ್ಸುಲಿನ್ ಕೊಟ್ಟಿದ್ದರೆ ಗತಿ ಏನು? ಸೋಪು ಹಚ್ಚಿ ತೊಳೆದು, ಒರೆಸಿ, ಆಮೇಲೆ ಚುಚ್ಚಿಸಿ.

ನೋಡಲು ಬರುವವರ ವಿಷಯ ಹೇಳಲೇಬೇಕು. ನಮ್ಮ ಕಡೆ ಒಬ್ಬರು ಬಿದ್ದರೆ ಇಡೀ ಓಣಿ ಬರುತ್ತದೆ. ಪ್ರೀತಿಯಿಂದಲೇ ಬರುತ್ತಾರೆ. ಆದರೆ ಮೂರು ಬೆಡ್ ಮಾತಾಡಿಸಿ, ಅದೇ ಕೈಯಲ್ಲಿ ನಿಮ್ಮ ಅತ್ತೆಯ ಕೈ ಹಿಡಿದು, ಹಾಸಿಗೆಯ ಮೇಲೇ ಕೂತು, ಡ್ರೆಸ್ಸಿಂಗ್ ಸರಿಸಿ "ಎಲ್ಲಿ ನೋಡೋಣ" ಅನ್ನುತ್ತಾರೆ. ಸ್ಯಾನಿಟೈಸರ್ ಬಾಟಲಿಯನ್ನು ಬೆಡ್ಡಿನ ಕಾಲಿಗೇ ಕಟ್ಟಿ. ಬಂದವರ ಕೈಗೆ ಮೊದಲು ಅದನ್ನೇ ಹಾಕಿ. ನಾವು ಬಂದಾಗಲೂ ಕೇಳಿ, ಬೇಜಾರಾಗೋದಿಲ್ಲ. ಗ್ಲೌಸ್ ಹಾಕಿದ್ದೇವೆ ಅಂದರೆ ಕೈ ತೊಳೆದಿದ್ದೇವೆ ಅಂತ ಅರ್ಥ ಅಲ್ಲ.

ಯಾದಗಿರಿಯಿಂದ ಒಬ್ಬ ತಮ್ಮ

ನಮ್ಮ ಅಣ್ಣನಿಗೆ 2021ರ ಮೇ ತಿಂಗಳಲ್ಲಿ ಕೋವಿಡ್ ಆಯಿತು. ಸ್ಟಿರಾಯ್ಡ್ ಕೊಟ್ಟರು, ಉಸಿರಾಟಕ್ಕೆ ಅದು ಬೇಕೇ ಇತ್ತು. ಆದರೆ ಸ್ಟಿರಾಯ್ಡ್ ಶುಗರ್ ಏರಿಸುತ್ತದೆ, ಅದೂ ಮಧ್ಯಾಹ್ನದ ಮೇಲೆ, ಸಂಜೆ ಹೊತ್ತಿಗೆ. ಅಣ್ಣನಿಗೆ ಬೆಳಿಗ್ಗೆ ಮಾತ್ರ ನೋಡುತ್ತಿದ್ದರು. ಮನೆಗೆ ಬಂದು ಒಂದು ವಾರಕ್ಕೆ ಒಂದು ಕಡೆಯ ಕೆನ್ನೆ ನೋವು, ಕಣ್ಣಿನ ಕೆಳಗೆ ಊತ, ಮೂಗಲ್ಲಿ ಕಪ್ಪು ಸಿಂಬಳ. ಹಲ್ಲುನೋವು ಅಂತ ಎರಡು ದಿನ ಕಳೆದೆವು. ಅದು ಬ್ಲ್ಯಾಕ್ ಫಂಗಸ್. ಅಣ್ಣ ಉಳಿದ, ಬಲಗಣ್ಣು ಉಳಿಯಲಿಲ್ಲ. ನಿಮ್ಮ ಅತ್ತೆಗೆ ಯಾವುದೇ ಕಾರಣಕ್ಕೆ ಸ್ಟಿರಾಯ್ಡ್ ಕೊಟ್ಟರೆ ಸಂಜೆಯ ಶುಗರೂ ನೋಡಿಸಿ ಅಕ್ಕಾ.

ಇನ್ನೊಂದು, ಹಿಮ್ಮಡಿ. ಗಾಯ ಸೊಂಟಕ್ಕೆ ಅಂತ ಎಲ್ಲರೂ ಸೊಂಟ ನೋಡುತ್ತಾರೆ. ಮಲಗಿದವರ ಹಿಮ್ಮಡಿ, ಬೆನ್ನಿನ ಕೆಳಗೆ ಚರ್ಮ ಕೊಳೆಯುತ್ತದೆ. ನಮ್ಮ ಬಿಸಿಲಿಗೆ ರೆಕ್ಸಿನ್ ಹಾಸಿಗೆ ಮೇಲೆ ಬೆವರು ಬೇರೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಸೊಂಟದ ಆಪರೇಷನ್ ಅಂದರೆ ಹೇಗೆ ಹೊರಳಿಸಬೇಕು ಅಂತ ಸಿಸ್ಟರ್ ಹತ್ತಿರ ಕಲಿತುಕೊಳ್ಳಿ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿರುವಂತೆ ಮಾಡಿ. ಕಾಲು ತಣ್ಣಗಿದೆ ಅಂತ ಬಿಸಿನೀರಿನ ಚೀಲ ಇಡಲೇಬೇಡಿ. ಸುಟ್ಟರೂ ಅವರಿಗೆ ಗೊತ್ತಾಗೋದಿಲ್ಲ.

ಕಲಬುರಗಿಯ ಮಗಳು

ಮರೆತಿದ್ದೆ. ಊಟ ಮಾಡಿಸುವಾಗ ತಲೆದಿಂಬಿನ ಕಡೆ ಬೆಡ್ ಎತ್ತಿಸಿ, ಆಮೇಲೂ ಅರ್ಧ ತಾಸು ಹಾಗೇ ಇರಲಿ. ಮಲಗಿಸಿ ಗಂಜಿ ಕುಡಿಸಿದರೆ ಪುಪ್ಪುಸಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ದಿನಾ ಎರಡು ಹೊತ್ತು ಬಾಯಿ ತೊಳೆಸಿ, ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದಿಡಿ.

ಶಹಾಪುರದ ಸೊಸೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಮಾತ್ರೆಯ ಚೀಟಿ ಅವತ್ತೇ ತೋರಿಸಿದೆ. ಅದರಲ್ಲಿ ಡಪಾಗ್ಲಿಫ್ಲೋಜಿನ್ ಇತ್ತು! ನೋಡಿ ಆಪರೇಷನ್ ಎರಡು ದಿನ ಮುಂದೆ ಹಾಕಿದರು. ಸೋಮವಾರ ಆಯಿತು. ನಿನ್ನೆ ಬೆಳಿಗ್ಗೆ ಪೈಪ್ ಬೇಕಾ ಅಂತ ಕೇಳಿದೆ. ಡಾಕ್ಟರ್ ಕೇಸ್ ಶೀಟ್ ನೋಡಿ "ಬೇಡ, ತೆಗೀರಿ" ಅಂದರು. ಬೆಡ್‌ಪ್ಯಾನ್ ಕೊಡೋದು ನನಗೆ ಸ್ವಲ್ಪ ಕಷ್ಟ, ಅತ್ತೆಗೆ ನಾಚಿಕೆ ಜಾಸ್ತಿ. ಇವತ್ತಿನ ಶುಗರ್ 168. ಎಡಗೈಯ ಸೂಜಿ ಕೆಂಪಾಗಿತ್ತು, ಬಲಗೈಗೆ ಬದಲಾಯಿಸಿದ್ದಾರೆ. ಹಿಮ್ಮಡಿ ಈಗ ತಾನೇ ಮೊಬೈಲ್ ಲೈಟ್ ಹಾಕಿ ನೋಡಿದೆ. ಕೆಂಪಗಿಲ್ಲ.